ಮಣ್ಣು ಬಲ್ಲವರ ಟೆನಿಸ್

ಮಣ್ಣಿನ ಅಂಕಣದ ಟೆನಿಸ್ಸಿನಲ್ಲಿ ನಮ್ಮ ಕಡೆಯವರನ್ನು ಯಾರೂ ಸೋಲಿಸಲಾರರು ಎಂದು ಆಗ ಎಲ್ಲರೂ ನಂಬಿದ್ದರು. ಕಿರಂಗೂರಿನ ಹತ್ತಿರ ಹೊಲ ಇಟ್ಟುಕೊಂಡಿದ್ದ ನಮ್ಮಪ್ಪ ನಂಬಿದ್ದರು. ಪಾಂಡವಪುರದ ನೆಂಟರು ನಂಬಿದ್ದರು. ಟೆನಿಸ್ ಎಂದರೆ ಏನೆಂದು ಗೊತ್ತಿಲ್ಲದವರು ಇನ್ನೂ ಗಟ್ಟಿಯಾಗಿ ನಂಬಿದ್ದರು. ವಾದ ಸರಳ. ಕ್ಲೇ ಕೋರ್ಟ್ ಎಂದರೆ ಮಣ್ಣಿನ ಅಂಕಣ. ಮಣ್ಣನ್ನು ನಮಗಿಂತ ಬಲ್ಲವರು ಯಾರು?

ಇಂಥ ನಂಬಿಕೆಯ ನಡುವೆ ಕೆಲವು ವರ್ಷ ವೃತ್ತಿಪರ ಟೆನಿಸ್ ಆಡಿದವಳು ನಾನು. ಪ್ರಸಂಗಗಳಿಗೆ ಕೊರತೆಯಿರಲಿಲ್ಲ. ಗೆಲುವಿಗೆ ಇತ್ತು.

ಹೈಸ್ಕೂಲಿನಿಂದ ಎಂ.ಎಸ್ಸಿ. ತನಕ ಮೈಸೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದಿದೆ. ಅಲ್ಲಿನ ಒಂದು ಹಳೆಯ ಕ್ಲಬ್ಬಿನ ಮಣ್ಣಿನ ಅಂಕಣದಲ್ಲಿ ಆಟ ಕಲಿತೆ. ಸಿಮೆಂಟಿನ ಅಂಕಣದಲ್ಲಿ ಚೆಂಡು ಬೇಗ ಬರುತ್ತದೆ, ಬೇಗ ಸೋಲುತ್ತಿದ್ದೆ. ಮಣ್ಣಿನಲ್ಲಿ ಚೆಂಡು ನಿಧಾನ, ಸೋಲೂ ನಿಧಾನ. ಇದಕ್ಕೆ ಕ್ರೀಡಾ ಪುಟದವರು ‘ಮಣ್ಣಿನ ಅಂಕಣದ ಪರಿಣತೆ’ ಎನ್ನುತ್ತಾರೆ.

ಲೋಕದ ರ‍್ಯಾಂಕಿಂಗ್ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಒಂದಾದರೂ ಪಾಯಿಂಟು ಬೇಕು. ಅದಕ್ಕೆ ಹೊರದೇಶದಲ್ಲೋ ಇಲ್ಲೋ ಒಂದು ಟೂರ್ನಿಯ ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆಲ್ಲಬೇಕು. ಒಂದೇ ಒಂದು. ಅಪ್ಪ ನನಗಾಗಿ ಹೊಲದ ಮೇಲ್ಭಾಗವನ್ನು ಅಂಕಣಕ್ಕೆ ಬಿಟ್ಟುಕೊಟ್ಟರು. ಜೊತೆಗೆ ಒಂದು ಷರತ್ತು ಹಾಕಿದರು.

“ನೋಡು ಮಗ, ನಾಲೆಗೆ ನೀರು ಬುಡೋ ಹೊತ್ಗೆ ಆ ಒಂದು ಪಾಯಿಂಟು ತಂದ್ಬುಡು. ಇಲ್ದಿದ್ರೆ ಉತ್ತು ಕಬ್ಬು ಹಾಕ್ಬುಡ್ತೀನಿ. ಆಮೇಲೆ ನೀನು ಬಿ.ಎಡ್. ಮಾಡು.”

ನಾಲೆಗೆ ನೀರು ಯಾವಾಗ ಬಿಡುತ್ತಾರೆಂದು ನಮ್ಮ ಕಡೆ ಯಾರಿಗೂ ಗೊತ್ತಿರುವುದಿಲ್ಲ. ಆ ಸಲ ಬಿಡಲಿಲ್ಲ. ನದಿ ನೀರಿನ ಜಗಳದಿಂದ ಜಿಲ್ಲೆಯಲ್ಲಿ ಲಾಭವಾದದ್ದು ನನಗೊಬ್ಬಳಿಗೆ.

ವೀಣೆ

ಅಂಕಣ ತಯಾರಾಗುವ ತನಕ ಅಭ್ಯಾಸಕ್ಕೆ ಮೈಸೂರಿಗೇ ಹೋಗಬೇಕಿತ್ತು. ಪಾಂಡವಪುರದಿಂದ ಬರುವ ಬಸ್ಸು ಹತ್ತುತ್ತಿದ್ದೆ. ಬಸ್ಸು ಹೆಂಗಸರಿಗೆ ಪುಕ್ಕಟೆಯಾದ ಮೇಲೆ ಕಂಡಕ್ಟರುಗಳ ಕಣ್ಣು ಹೆಂಗಸರ ಸಾಮಾನಿನ ಮೇಲೆ. ಒಬ್ಬರು ನನ್ನ ಹೆಗಲಿನ ಉದ್ದನೆಯ ಚೀಲವನ್ನು ತಟ್ಟಿ ನೋಡಿದರು.

“ಏನವ್ವ ಇದು, ವೀಣೆನಾ?”

“ಅಲ್ಲಣ್ಣ, ಟೆನಿಸ್ ಬ್ಯಾಟು.”

“ಅಂಗಾದ್ರೆ ಲಗೇಜು ಹಾಕ್ತೀನಿ.”

“ವೀಣೆ ಆಗಿದ್ರೆ?”

“ವೀಣೆ ಸರಸ್ವತಿ ಕಣವ್ವ. ಸರಸ್ವತಿಗೆ ಯಾರಾದ್ರೂ ಲಗೇಜು ಹಾಕ್ತಾರಾ?”

ನನಗೆ ದೇವರಲ್ಲಿ ನಂಬಿಕೆಯಿಲ್ಲ. ಆದರೆ ಮರುದಿನದಿಂದ ಅದು ವೀಣೆಯಾಯಿತು. ಕಂಡಕ್ಟರೇ ನನಗೆ ಸೀಟು ಬಿಡಿಸಿಕೊಡತೊಡಗಿದರು. ಕೆಲವು ತಿಂಗಳ ನಂತರ ಪಕ್ಕದಲ್ಲಿ ಕುಳಿತ ಕೆ.ಆರ್. ಪೇಟೆ ಕಡೆಯ ಯಜಮಾನರೊಬ್ಬರು, ಮಗನ ಆರತಕ್ಷತೆಗೆ ಬಂದು ನಾಲ್ಕು ಕೀರ್ತನೆ ನುಡಿಸಿಕೊಡಬೇಕೆಂದು ಕೈ ಮುಗಿದು ಕೇಳಿದರು. ನನ್ನ ವೃತ್ತಿಜೀವನದಲ್ಲಿ ನೇರ ಪ್ರವೇಶ ಸಿಕ್ಕಿದ್ದು ಅದೊಂದಕ್ಕೇ. ಉಳಿದ ಕಡೆಯೆಲ್ಲ ಅರ್ಹತಾ ಸುತ್ತು ಆಡಬೇಕಿತ್ತು.

ಚಿತ್

ಅಂಕಣ ಹಾಕಲು ಮಣ್ಣು ಬಲ್ಲವರು ಬೇಕೆಂದು ಅಪ್ಪ ಶ್ರೀರಂಗಪಟ್ಟಣದಿಂದ ಗರಡಿಯ ಉಸ್ತಾದರನ್ನು ಕರೆತಂದರು. ವಯಸ್ಸಾದ ಪೈಲ್ವಾನರು, ಕಿವಿ ಎರಡೂ ಮುದುಡಿ ಹೋಗಿದ್ದವು. ಟೆನಿಸ್ ಎಂದರೇನೆಂದು ಅವರು ಕೇಳಲಿಲ್ಲ. “ಮಣ್ಣಲ್ಲಿ ಆಡೋದು ತಾನೆ?” ಎಂದರು. ಹೌದೆಂದೆವು. ಅಷ್ಟು ಸಾಕಾಯಿತು.

ಕೆಂಪು ಮಣ್ಣು ಜರಡಿ ಹಿಡಿಸಿದರು. ಅರಿಶಿನ ಬೆರೆಸಿದರು. ಎಳ್ಳೆಣ್ಣೆ ಹೊಯ್ದರು, ಮಜ್ಜಿಗೆ ಹೊಯ್ದರು, ಬೇವಿನ ಸೊಪ್ಪು ಹಾಕಿಸಿದರು. ಆಮೇಲೆ ಗುದ್ದಲಿ ಹಿಡಿಸಿ ಮೊಣಕಾಲುದ್ದ ಅಗೆಸಿ ಹತ್ತಿಯ ಹಾಗೆ ಮೃದು ಮಾಡಿಸಿದರು. ಪೂಜೆಯಾಯಿತು. ಊರಿನವರು ಸುತ್ತ ನಿಂತರು. ನಾನು ಚೆಂಡನ್ನು ಮೇಲೆಸೆದು ಹೊಡೆದೆ. ಅದು ಬಲೆಯ ಆಚೆ ಬಿದ್ದು, ಮಣ್ಣಿನಲ್ಲಿ ಅರ್ಧ ಹೂತು, ಅಲ್ಲೇ ಉಳಿಯಿತು.

“ಉಸ್ತಾದ್ರೇ, ಚೆಂಡು ಏಳಲೇ ಇಲ್ಲ” ಎಂದೆ.

“ಯಾಕೆ ಏಳ್ಬೇಕು?”

“ಎದ್ದರೆ ತಾನೆ ಎದುರಿನವರು ಹೊಡೆಯೋದು?”

ಉಸ್ತಾದರು ನನ್ನನ್ನು ಮರುಕದಿಂದ ನೋಡಿದರು. “ಎದುರಾಳಿ ಯಾಕವ್ವ ಹೊಡೀಬೇಕು? ಬಿದ್ದದ್ದು ಏಳ್ಲಿಲ್ಲ ಅಂದ್ರೆ ಚಿತ್. ನೀನೇ ಗೆದ್ದಿದ್ದು.”

ಊರಿನವರು ಚಪ್ಪಾಳೆ ತಟ್ಟಿದರು. ನನ್ನ ಮೊದಲ ಗೆಲುವು ಅದು.

ಬೇಯಿಸಿದ ಮಣ್ಣು

ನಮ್ಮ ಹೊಲದ ಪಕ್ಕದ ದಿಬ್ಬದ ಮೇಲೆ ಒಂದು ಇಟ್ಟಿಗೆ ಗೂಡು ಇದೆ. ಗೂಡಿನ ಯಜಮಾನರಿಗೂ ಅಪ್ಪನಿಗೂ ಮಾತುಕತೆ ಅಷ್ಟಕ್ಕಷ್ಟೆ. ಅವರು ಹೊಲದ ಮೇಲ್ಮಣ್ಣು ಕೊಂಡು ಸುಡುವವರು, ಅಪ್ಪ ಮೇಲ್ಮಣ್ಣು ಮಾರುವುದೆಂದರೆ ಹೆತ್ತವಳ ಚರ್ಮ ಮಾರಿದ ಹಾಗೆ ಎನ್ನುವವರು. ಹೋಗುವಾಗ ಬರುವಾಗ ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಉಗುಳುತ್ತಿದ್ದರು.

ಉಸ್ತಾದರ ಅಂಕಣ ಮೊದಲ ಮಳೆಗೆ ಗದ್ದೆಯಾಯಿತು. ಎಣ್ಣೆ ಮೇಲೆ ತೇಲಿತು. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ನೀರು ತೋಡುತ್ತಿದ್ದಾಗ ಗೂಡಿನ ಯಜಮಾನರಿಗೆ ಮನಸ್ಸು ತಡೆಯಲಿಲ್ಲ. ದಿಬ್ಬದ ಮೇಲಿಂದಲೇ ಕೂಗಿದರು.

“ಗೌಡ್ರೇ, ಇಲ್ಲಿ ಒಡ್ದೋದ್ ಇಟ್ಗೆ ರಾಶಿ ಬಿದ್ದದೆ. ಪುಡಿ ಮಾಡಿ ಹಾಸ್ಬುಡಿ, ನೀರು ನಿಲ್ಲಾಕಿಲ್ಲ. ದುಡ್ಡೇನೂ ಬ್ಯಾಡ.”

ಅಪ್ಪ ತಲೆ ಎತ್ತಲಿಲ್ಲ. ತಮಗೆ ತಾವೇ ಹೇಳಿಕೊಳ್ಳುವವರ ಹಾಗೆ, ಆದರೆ ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

“ಬೇಯ್ಸಿದ ಮಣ್ಣಲ್ಲಿ ಗರಿಕೆನೂ ಹುಟ್ಟಾಕಿಲ್ಲ. ನನ್ ಮಗಳು ಎಂಗ್ಲಾ ಉದ್ಧಾರ ಆಯ್ತಾಳೆ?”

ರಾಶಿ

ಎರಡನೆಯ ಸಲ ಅಪ್ಪ ಯಾರನ್ನೂ ಕರೆಯಲಿಲ್ಲ. ತಾವೇ ಬಲ್ಲ ರೀತಿಯಲ್ಲಿ ಮಾಡಿದರು. ನೆಲ ನೆನೆಸಿ, ದಮ್ಮಸು ಮಾಡಿ, ತೆನೆ ತುಳಿಸಲೆಂದು ಮಾಡಿದ ರೋಣಗಲ್ಲನ್ನು ಚಿನಕುರಳಿಯಿಂದ ತರಿಸಿ ಎತ್ತಿನ ಕೈಲಿ ಎಳೆಸಿದರು. ಸಗಣಿ ಬಗ್ಗಡ ಸಾರಿಸಿದರು. ಚೆಂಡು ಹಾಕಿದರೆ ಎದೆಯ ಮಟ್ಟಕ್ಕೆ ಎದ್ದಿತು. ನನ್ನ ಅನುಮಾನವೂ ಒಂದು ಕ್ಷಣ ಬಿದ್ದುಹೋಯಿತು. ಅಂಥ ಅಂಕಣ ಮೈಸೂರಿನ ಕ್ಲಬ್ಬಿನಲ್ಲೂ ಇರಲಿಲ್ಲ.

ತೊಂದರೆ ಏನೆಂದರೆ, ಅಂಥ ಕಣ ತಾಲ್ಲೂಕಿನಲ್ಲೇ ಇರಲಿಲ್ಲ.

ನಾನು ಒಂದು ಟೂರ್ನಿಗೆ ಹೋಗಿ ಅರ್ಹತಾ ಸುತ್ತಿನಲ್ಲೇ ಸೋತು ವಾಪಸ್ಸು ಬರುವಷ್ಟರಲ್ಲಿ ಬೇಸ್‌ಲೈನಿನಿಂದ ಬಲೆಯವರೆಗೆ ರಾಗಿ ತೆನೆ ಹಾಸಿತ್ತು. ಬಲೆಯ ಮೇಲೆ ಗೋಣಿಚೀಲಗಳು ಒಣಗುತ್ತಿದ್ದವು. ರೋಣಗಲ್ಲು ಮೊದಲ ಸಲ ತಾನು ಹುಟ್ಟಿದ ಉದ್ದೇಶಕ್ಕೆ ಉರುಳುತ್ತಿತ್ತು. ನಡುವೆ ನಮ್ಮಜ್ಜಿ ನಿಂತು ಉಸ್ತುವಾರಿ ಮಾಡುತ್ತಿದ್ದರು.

ನಾನು ಬ್ಯಾಟು ಹಿಡಿದು ಒಳಗೆ ಕಾಲಿಟ್ಟೆ.

“ಲೇ ಅಮ್ಮಿ! ಕಣದೊಳಕ್ಕೆ ಮೆಟ್ಟು ಹಾಕ್ಕೊಂಡು ಬತ್ತಾಳೆ ನೋಡು, ಓದಿರೋಳು! ಬುಡು ಆಚೆಗೆ!”

“ಇದು ಟೆನಿಸ್ ಅಂಕಣ ಕಣಜ್ಜಿ.”

“ರಾಗಿ ಬಿದ್ಮೇಲೆ ಕಣ. ಲಕ್ಸ್ಮಿ ಇರೋ ಜಾಗ.”

ವೃತ್ತಿಪರ ಆಟಗಾರ್ತಿ ಬೂಟು ಬಿಚ್ಚಿ ಹೊರಗಿಟ್ಟಳು. ಆ ಹಂಗಾಮು ಪೂರ್ತಿ ಬರಿಗಾಲಿನಲ್ಲೇ ಅಭ್ಯಾಸ ಮಾಡಿದೆ. ತೂರಿದ ರಾಗಿಯನ್ನು ಗುಡ್ಡೆ ಹಾಕಿ, ಮೇಲೆ ಸಗಣಿಯ ಬೆನವ, ಅಂದರೆ ಪುಟ್ಟ ಗಣಪನನ್ನು, ಇಟ್ಟು ಪೂಜೆ ಮಾಡಿದರು. ರಾಶಿ ಅಳೆಯುವಾಗ ಯಾರೂ ತುಟಿ ಬಿಚ್ಚಬಾರದು, ಬಿಚ್ಚಿದರೆ ಹುಲುಸು ಹೋಗುತ್ತದೆ. ಆ ಹೊತ್ತಿಗೆ ಅಂಕಣದ ಇನ್ನೊಂದು ತುದಿಯಲ್ಲಿ ಸರ್ವೀಸು ಹೊಡೆಯುತ್ತಿದ್ದ ನನಗೂ ಅದೇ ನಿಯಮ. ಚೆಂಡು ರಾಶಿಗೆ ತಗುಲಿತು. ಬೆನವ ಉರುಳಿತು. ಯಾರೂ ಮಾತಾಡಲಿಲ್ಲ, ಹುಲುಸು ಹೋಗುತ್ತದಲ್ಲ. ಅಷ್ಟು ಜನ ಅಷ್ಟು ನಿಶ್ಶಬ್ದವಾಗಿ ಬೈದದ್ದನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಅಳೆದು ಮುಗಿದ ಮೇಲೆ ಅಜ್ಜಿ ಚೀಲಗಳ ಕಡೆ ಕೈ ತೋರಿಸಿದರು. “ನಿನ್ ಆಟದಿಂದ ಈ ಮನೆಗೆ ಬಂದಿರೋದು ಇದೊಂದೇ ಕಣಮ್ಮಿ.”

ಹಿಂದೆ ಮುಂದೆ

ಬೂಕನಕೆರೆಯ ಯುವಕ ಸಂಘದಲ್ಲಿ ನನಗೊಂದು ಸನ್ಮಾನವಾಯಿತು. ಯಾಕೆ ಎಂದು ಕೇಳಿದ್ದಕ್ಕೆ ಸಂಘದವರು, ವಾರ್ಷಿಕೋತ್ಸವಕ್ಕೆ ಸನ್ಮಾನಿತರು ಒಬ್ಬರು ಕಡಿಮೆ ಬಿದ್ದಿದ್ದಾರೆ ಎಂದು ಪ್ರಾಮಾಣಿಕವಾಗಿ ಹೇಳಿದರು.

ಭಾಷಣ ಮಾಡಬೇಕಿದ್ದ ಮುಖಂಡರು ವೇದಿಕೆಯ ಮೇಲೆ ನನ್ನ ಕಿವಿಯಲ್ಲಿ ಕೇಳಿದರು. “ಎಷ್ಟನೇ ರ‍್ಯಾಂಕಮ್ಮ?”

“ಇನ್ನೂ ಪಟ್ಟಿಯಲ್ಲೇ ಇಲ್ಲ ಸರ್.”

“ಅದು ಇರ್ಲಿ. ಪಟ್ಟಿಯಲ್ಲಿ ಎಷ್ಟು ಜನ ಅವ್ರೆ?”

“ಸಾವಿರಕ್ಕಿಂತ ಜಾಸ್ತಿ.”

“ಅವ್ರೆಲ್ಲ ನಿಮ್ಗಿಂತ ಮುಂದೆ?”

“ಹೌದು ಸರ್.”

ಅವರು ಎದ್ದು ಮೈಕು ಹಿಡಿದರು. “ಸಾವಿರಕ್ಕೂ ಹೆಚ್ಚು ಆಟಗಾರ್ತಿಯರ ಜೊತೆ ಸೆಣಸಾಡಿ, ಲೋಕದ ಯಾವ ಪಟ್ಟಿಗೂ ಸಿಗದಂತಹ ಸಾಧನೆ ಮಾಡಿರುವ ನಮ್ಮ ಮಣ್ಣಿನ ಹೆಣ್ಣುಮಗಳು...”

ಅವರು ಹೇಳಿದ್ದರಲ್ಲಿ ಸುಳ್ಳು ಹುಡುಕಿದೆ. ಸಿಗಲಿಲ್ಲ. ಪೇಟ ತೊಡಿಸಿ, ಶಾಲು ಹೊದಿಸಿ, ನೆನಪಿನ ಕಾಣಿಕೆಯಾಗಿ ಷಟಲ್ ಬ್ಯಾಟು ಕೊಟ್ಟರು.

ಒಂದು ಕೈ

ಆ ವರ್ಷವೂ ನಾಲೆಗೆ ನೀರು ಬರಲಿಲ್ಲ. ಪಾಯಿಂಟೂ ಬರಲಿಲ್ಲ. ಬಿ.ಎಡ್. ಬೇಡವೆಂದರೆ ಮದುವೆಯಾದರೂ ಆಗಲಿ ಎಂದು ಅವ್ವ ನಾಗಮಂಗಲದಿಂದ ಒಂದು ಸಂಬಂಧ ಕರೆಸಿದರು. ಹುಡುಗನ ಅಪ್ಪ, ಅಮ್ಮ, ಸೋದರಮಾವ ಬಂದರು. ಹುಡುಗ ಫೋನು ನೋಡುತ್ತಿದ್ದ.

ಸೋದರಮಾವ ಶುರು ಮಾಡಿದರು. “ಹುಡುಗಿ ಏನು ಮಾಡ್ಕೊಂಡವ್ಳೆ?”

“ಟೆನಿಸ್ ಆಡ್ತಾಳೆ” ಎಂದರು ಅಪ್ಪ.

“ಆಡ್ಲಿ ಬುಡಿ. ಮಾಡೋದೇನು?”

ಅವ್ವ ಕಾಫಿ ತಟ್ಟೆಯನ್ನು ನನ್ನ ಕೈಗಿಟ್ಟರು. ಹುಡುಗನ ತಾಯಿಯ ಕಣ್ಣು ನನ್ನ ತೋಳುಗಳ ಮೇಲೆ ನಿಂತಿತು. ಟೆನಿಸ್ ಆಡುವವರ ಒಂದು ತೋಳು ಇನ್ನೊಂದಕ್ಕಿಂತ ದಪ್ಪವಿರುತ್ತದೆ. ನನ್ನದು ಗೆಲುವಿನ ಪ್ರಮಾಣಕ್ಕೆ ಹೋಲಿಸಿದರೆ ಅನ್ಯಾಯದಷ್ಟು ದಪ್ಪವಿತ್ತು.

“ಬಲಗೈ ಯಾಕವ್ವ ಅಂಗದೆ? ಏನಾದ್ರೂ ಐಬಾ?”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದರು. “ಐಬು ಯಾಕಿರ್ತದೆ? ಹಾಲು ಕರೆದೂ ಕರೆದೂ ಗಟ್ಟಿ ಆಗದೆ ಕಣ್ರವ್ವ. ಡೈರಿಗೆ ಹಾಲು ಹಾಕೋದೆಲ್ಲ ಅವಳೇ.”

ನಾಗಮಂಗಲದವರ ಮುಖ ಅರಳಿತು. ಹುಡುಗನ ಅಪ್ಪ ಕಾಫಿಗೆ ಕೈ ಚಾಚಿದರು. ಸೋದರಮಾವ ಮದುವೆ ಛತ್ರದ ಮಾತು ತೆಗೆದರು. ಆದರೆ ಹುಡುಗನ ತಾಯಿ ಮಾತ್ರ ನನ್ನ ಎಡಗೈಯನ್ನು ನೋಡುತ್ತಲೇ ಇದ್ದರು. ಮನೆಯಲ್ಲಿ ನಾಲ್ಕು ಹಸು ಕಟ್ಟಿದ್ದ ಹೆಂಗಸು.

“ಅಲ್ಲ ಕಣವ್ವ,” ಎಂದರು ಕೊನೆಗೆ, “ಹಾಲ್ನ ಯಾರಾದ್ರೂ ಒಂದೇ ಕೈಲಿ ಕರೀತಾರಾ?”

ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಟೆನಿಸ್ಸಿನ ದೆಸೆಯಿಂದ ಮದುವೆ ಮುರಿಯಿತು ಎಂದು ಊರಿನವರು ಈಗಲೂ ಹೇಳುತ್ತಾರೆ. ಅದು ತಪ್ಪು. ಮುರಿದದ್ದು ಹೈನುಗಾರಿಕೆಯಿಂದ.

ಇನ್ನೊಂದು ದೇಶದ ಮಣ್ಣು

ಅಂಕಣವಿದ್ದ ಜಾಗದಲ್ಲಿ ಈಗ ಕಬ್ಬು ಇದೆ. ಆದ್ದರಿಂದ ಕಥೆಯ ಕೊನೆಯನ್ನು ಬಚ್ಚಿಟ್ಟು ಪ್ರಯೋಜನವಿಲ್ಲ. ಅದು ಹೇಗೆ ಕಬ್ಬಾಯಿತು ಎಂಬುದಷ್ಟೇ ಉಳಿದಿದೆ.

ಯೂರೋಪಿನ ಒಂದು ಸಣ್ಣ ಊರಿನ ಟೂರ್ನಿಗೆ ಹೋದೆ. ಅಲ್ಲಿ ಆಡುವುದೆಲ್ಲ ಕೆಂಪು ಅಂಕಣದಲ್ಲಿ. ಟೀವಿಯಲ್ಲಿ ನೋಡಿದ್ದೆ, ನಮ್ಮ ಕೆಂಪು ಮಣ್ಣಿನ ಹಾಗೇ ಕಂಡಿತ್ತು. ಹೊರಡುವ ದಿನ ಅಪ್ಪ ನಮ್ಮ ಅಂಕಣದ ಮಣ್ಣನ್ನು ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿಕೊಟ್ಟರು. ಉಸ್ತಾದರೂ ಬಂದಿದ್ದರು. “ಇಳಿಯೋ ಮುಂಚೆ ನೆಲ ಮುಟ್ಟಿ ಹಣೆಗೆ ಹಚ್ಕೊ. ಮಣ್ಣಿಗೆ ಗುರುತು ಸಿಕ್ಕಿದ್ರೆ ಕೈ ಬುಡಾಕಿಲ್ಲ” ಎಂದರು.

ಗಂಟನ್ನು ಅಲ್ಲಿನ ವಿಮಾನ ನಿಲ್ದಾಣದಲ್ಲಿ ತೆಗೆಸಿದರು. ಅಧಿಕಾರಿ ಬಿಚ್ಚಿ ಮೂಸಿದ. ಮಣ್ಣು, ಸಗಣಿ, ಎಲ್ಲೋ ಒಂದಿಷ್ಟು ರಾಗಿ. ಇದೇನು ಎಂದ. ಆಟದ ಸಾಮಾನು ಎಂದೆ. ಕೈಗವಸು ಹಾಕಿಕೊಂಡು ಕಸದ ಡಬ್ಬಿಗೆ ಹಾಕಿದ.

ಅರ್ಹತಾ ಸುತ್ತು ದಾಟಿದೆ. ಎದುರಾಳಿಗಳಲ್ಲಿ ಒಬ್ಬಳಿಗೆ ಜ್ವರ, ಇನ್ನೊಬ್ಬಳಿಗೆ ರೈಲು ತಪ್ಪಿತ್ತು. ಮುಖ್ಯ ಸುತ್ತಿನಲ್ಲಿ ಒಂದು ಪಂದ್ಯ ಗೆದ್ದರೆ ಪಾಯಿಂಟು. ಅದೇ ಹೊತ್ತಿಗೆ ಊರಿನಿಂದ ಸುದ್ದಿ ಬಂತು: ಮಾರನೆಯ ದಿನ ನಾಲೆಗೆ ನೀರು ಬಿಡುತ್ತಾರೆ. ಈ ಸಲ ಖಂಡಿತ.

ಆಡಲು ಇಳಿಯುವಾಗ ನೆಲ ಮುಟ್ಟಿ ಹಣೆಗೆ ಹಚ್ಚಿಕೊಂಡೆ. ನಂಬಿಕೆಯಿಂದಲ್ಲ. ಬೇರೆ ಉಪಾಯ ಇರಲಿಲ್ಲ. ನೆಲಕ್ಕೆ ನನ್ನ ಗುರುತು ಸಿಗಲಿಲ್ಲ. ಅಲ್ಲಿನವರು ಚೆಂಡಿನ ಕಡೆ ಓಡುವುದಿಲ್ಲ, ಜಾರಿಕೊಂಡು ಹೋಗುತ್ತಾರೆ. ಸಗಣಿ ಸಾರಿಸಿದ ಕಣದಲ್ಲಿ ಬರಿಗಾಲಲ್ಲಿ ಕಲಿತವಳು ಜಾರಿದರೆ ಬೀಳುತ್ತಾಳೆ. ನಾನು ಬಿದ್ದೆ. ಎದುರಾಳಿ ಇನ್ನೂ ಶಾಲೆಗೆ ಹೋಗುವ ಹುಡುಗಿ, ಆಟದ ನಡುವಿನ ಬಿಡುವಿನಲ್ಲಿ ಕುಳಿತು ನಿಧಾನವಾಗಿ ಬಾಳೆಹಣ್ಣು ತಿಂದಳು. ನನ್ನ ಬಾಳೆಹಣ್ಣು ಸುಲಿಯುವಷ್ಟರಲ್ಲಿ ಪಂದ್ಯ ಮುಗಿದಿತ್ತು. ಉಸ್ತಾದರ ಲೆಕ್ಕದಲ್ಲಿ, ಚಿತ್.

ಅಪ್ಪ ವೀಡಿಯೋ ಕಾಲ್ ಮಾಡಿದರು. ನಮ್ಮ ಹೊಲದಲ್ಲಿ ನೆಟ್‌ವರ್ಕು ಸಿಗುವುದು ದಿಬ್ಬದ ಮೇಲೆ, ಇಟ್ಟಿಗೆ ಗೂಡಿನ ಹತ್ತಿರ ಮಾತ್ರ. ಮಗಳಿಗಾಗಿ ಅಪ್ಪ ದಿಬ್ಬ ಹತ್ತಿದ್ದರು. ಪಕ್ಕದಲ್ಲಿ ಉಸ್ತಾದರು, ಅಜ್ಜಿ, ಕೆಳಗೆ ಹೊಲದ ಅಂಚಿನಲ್ಲಿ ನೇಗಿಲು ಕಟ್ಟಿ ನಿಂತ ಟ್ರಾಕ್ಟರು. ಒಂದಿಷ್ಟು ದೂರದಲ್ಲಿ, ಏನೂ ಕೇಳಿಸದವರ ಹಾಗೆ, ಗೂಡಿನ ಯಜಮಾನರು.

“ಸೋತೆ ಅಪ್ಪ.”

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅದೆಂಗಾಯ್ತು ಮಗ? ಮಣ್ಣಿನ ಆಟ ಅಲ್ವಾ?”

“ಇಲ್ಲಿ ಮಣ್ಣು ಬೇರೆ ಥರ ಇದೆ ಅಪ್ಪ.”

ಅಪ್ಪ ಹಿಂದಕ್ಕೆ ತಿರುಗಿ ಉಸ್ತಾದರ ಜೊತೆ ಏನೋ ಮಾತಾಡಿದರು. ಮತ್ತೆ ಫೋನಿಗೆ ಬಂದಾಗ ಅವರ ಮುಖದಲ್ಲಿ ಒಂದು ಆಸೆ ಇತ್ತು. ನನ್ನ ಆಟದ ವಿಷಯದಲ್ಲಿ ಆ ಆಸೆಯನ್ನು ನೋಡಿದ್ದು ಅದೇ ಕೊನೆ.

“ನೋಡು ಮಗ, ಸೋತಿದ್ದು ನೀನಲ್ಲ, ಮಣ್ಣು. ಅಲ್ಲಿ ನೆಲ ನೋಡ್ಕೊಳೋನು ಒಬ್ಬ ಇರ್ತಾನಲ್ಲ, ಅವನ್ನ ಕೇಳು. ಆ ಮಣ್ಣು ಕೆರೇದಾ, ಹೊಲದ್ದಾ, ನದಿ ದಂಡೇದಾ ಕೇಳು. ಈ ಮೂರು ತಾಲ್ಲೂಕಲ್ಲಿ ಸಿಗದೆ ಇರೋ ಮಣ್ಣು ಯಾವ್ದಿದ್ದದು? ಅಂತದ್ದೇ ತಂದು ಹಾಸ್ಬುಡ್ತೀನಿ. ಇನ್ನೊಂದು ವರ್ಷ ಆಡು. ಟ್ರಾಕ್ಟರು ವಾಪಸ್ ಕಳಿಸ್ತೀನಿ.”

ಅಂಕಣ ನೋಡಿಕೊಳ್ಳುವ ಮುದುಕ ಅಲ್ಲೇ ನೀರು ಹಿಡಿಯುತ್ತಿದ್ದ. ನನಗೆ ಬಂದ ಇಂಗ್ಲಿಷು, ಅವನಿಗೆ ಬಾರದ ಇಂಗ್ಲಿಷು ಸೇರಿಸಿ ಕೇಳಿದೆ. ಅವನಿಗೆ ಅರ್ಥವಾಯಿತು. ಪೈಪು ಕೆಳಗಿಟ್ಟು, ಬಾ ಎಂದು ಸನ್ನೆ ಮಾಡಿ, ಅಂಕಣದ ಹಿಂದಿನ ಷೆಡ್ಡಿಗೆ ಕರೆದುಕೊಂಡು ಹೋದ. ಬಾಗಿಲು ಎಳೆದ. ನಾನು ಫೋನನ್ನು ಒಳಕ್ಕೆ ತಿರುಗಿಸಿದೆ.

“ಇಟ್ಗೆ ಯಾಕೆ ತೋರಿಸ್ತೀಯ ಮಗ?” ಎಂದರು ಅಪ್ಪ. “ಮಣ್ಣು ತೋರ್ಸು.”

ಮುದುಕನನ್ನು ಮತ್ತೆ ಕೇಳಿದೆ. ಅವನು ಮತ್ತೆ ಅದೇ ಇಟ್ಟಿಗೆ ರಾಶಿಯ ಕಡೆ ಕೈ ತೋರಿಸಿದ. ಇವಳಿಗೆ ತಿಳಿಯುತ್ತಿಲ್ಲ ಎಂದುಕೊಂಡು ಒಂದು ತುಂಡು ಎತ್ತಿ ಪಕ್ಕದಲ್ಲಿದ್ದ ಯಂತ್ರದ ಬಾಯಿಗೆ ಹಾಕಿ ಗುಂಡಿ ಒತ್ತಿದ. ಕೆಳಗಿನಿಂದ ಕೆಂಪು ಪುಡಿ ಬಂತು. ಅದನ್ನು ಬೊಗಸೆಯಲ್ಲಿ ಹಿಡಿದು, ಪಂದ್ಯಕ್ಕೆ ಮುಂಚೆ ನನ್ನನ್ನು ನೋಡಿದ್ದನೇನೋ, ಬೇಕಾದರೆ ಹಣೆಗೆ ಹಚ್ಚಿಕೋ ಎನ್ನುವ ಹಾಗೆ ಮುಂದೆ ಚಾಚಿದ.

ಫೋನಿನಲ್ಲಿ ಅಪ್ಪನ ಮುಖ. ಅವರ ಬೆನ್ನ ಹಿಂದೆ ಗೂಡಿನ ಒಡೆದ ಇಟ್ಟಿಗೆಗಳ ರಾಶಿ. ನನ್ನ ಮುಂದೆಯೂ ಅದೇ. ಕಣದಲ್ಲಿ ರಾಶಿ ಅಳೆಯುವಾಗ ಇರುವಂಥ ಮೌನ.

ಕೊನೆಗೆ ಅಪ್ಪನ ಹೆಗಲ ಮೇಲಿಂದ ಗೂಡಿನ ಯಜಮಾನರು ತಲೆ ತೂರಿಸಿದರು.

“ಎಷ್ಟು ಲೋಡು ಬೇಕು ಗೌಡ್ರೇ?”

ಅಪ್ಪ ಕೆಳಗಿದ್ದ ಟ್ರಾಕ್ಟರಿನವನ ಕಡೆ ಕೈ ಬೀಸಿದರು. ಸ್ವಲ್ಪ ಹೊತ್ತಿನ ಮೇಲೆ ಟ್ರಾಕ್ಟರು ಶುರುವಾದ ಸದ್ದು ಕೇಳಿಸಿತು.

ಯೂರೋಪಿನ ಆ ಕೆಂಪು ಅಂಕಣಗಳ ಮೇಲೆ ಹಾಸಿರುವುದು ಮಣ್ಣಲ್ಲ, ಸುಟ್ಟ ಇಟ್ಟಿಗೆಯ ಪುಡಿ.